ದೈವದ ಮುಂದೆ ಒಂದು ಹೂಂ

ಅಧ್ಯಕ್ಷತೆ ವಹಿಸಿರುವ ಹಿರಿಯರಾದ ಗುರುರಾಜ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಶಹಾಬಾದ ಮತ್ತು ಭಂಕೂರಿನಿಂದ ಬಂದು ಕೂಡಿರುವ ಸಭಿಕರೇ,

ಡಾಕ್ಟರೇಟ್ ಬಂತೆಂದು ನೀವು ಹೊದಿಸಿದ ಈ ಶಾಲು ಬೆಚ್ಚಗಿದೆ. ಮೇ ತಿಂಗಳ ಶಹಾಬಾದಿನಲ್ಲಿ ತುಸು ಹೆಚ್ಚೇ ಬೆಚ್ಚಗಿದೆ. ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ ಕೈನೇಸ್ ಎಂಬ ಕಿಣ್ವದ ಪಾತ್ರವೇನು ಎಂಬುದು ನನ್ನ ಸಂಶೋಧನೆಯ ವಿಷಯ. "ಅದೇನರಿ ಅದು, ನಮಗೂ ತಿಳಿಯೋಹಂಗ ಹೇಳ್ರಿ" ಎಂದು ಅಧ್ಯಕ್ಷರು ಆಗಲೇ ಕೇಳಿದರು.

ಕಲ್ಲಿನ ಖಣಿಯಲ್ಲಿ ಮೇಸ್ತ್ರಿ ಸೀಟಿ ಊದಿದರೆ ಕೆಲಸ ಶುರು. ನಮ್ಮ ಜೀವಕೋಶಗಳಲ್ಲೂ ಹಾಗೆಯೇ. ಬೆಳೆಯಿರಿ ಎಂಬ ಸುದ್ದಿ ಬಂದಾಗ ಕೈನೇಸ್ ಇನ್ನೊಂದು ಪ್ರೋಟೀನಿಗೆ ಒಂದಿಷ್ಟು ಫಾಸ್ಫೇಟ್ ಅಂಟಿಸುತ್ತದೆ, ಅದೇ ಸೀಟಿ. ಕೆಲಸ ಮುಗಿದ ಮೇಲೆ ಅದು ನಿಲ್ಲಬೇಕು. ತಂಬಾಕು ವರ್ಷಗಟ್ಟಲೆ ಕೆನ್ನೆಯೊಳಗೆ ಕುಳಿತು ಕೋಶ ಕೆಟ್ಟಾಗ, ಕೆಲವೊಮ್ಮೆ ಸೀಟಿ ನಿಲ್ಲುವುದೇ ಇಲ್ಲ. ಹೊತ್ತು ಮುಳುಗಿದರೂ ಕೆಲಸ, ಯಾರೂ ಹೇಳದ ಕೆಲಸ. ಗಂಟು ಬೆಳೆಯುವುದು ಹೀಗೆ. ಆ ಸೀಟಿಯನ್ನು ತಡೆಯುವ ಔಷಧಗಳು ಈಗ ಬರುತ್ತಿವೆ. ಎಲ್ಲರಿಗೂ ನಾಟುವುದಿಲ್ಲ. ಬೇಗ ಬಂದು ತೋರಿಸಿದವರಿಗೆ ಆ ಔಷಧವೇ ಬೇಕಾಗದೆ ಇರಬಹುದು. ಬೇಗ ಎಂಬ ಮಾತನ್ನು ದಯವಿಟ್ಟು ನೆನಪಿಡಿ.

ಮೇಸ್ತ್ರಿಯ ಮಾತೇಕೆ ಬಂತು? ನನ್ನ ತಂದೆ ಮಡಿವಾಳಯ್ಯನವರು ಭಂಕೂರಿನ ಖಣಿಯಲ್ಲಿ ಮೇಸ್ತ್ರಿಯಾಗಿದ್ದವರು. ಮುಂದಿನ ಸಾಲಿನಲ್ಲೇ ಇದ್ದಾರೆ, ಸೊಂಟದಲ್ಲಿ ಎಲೆ-ತಂಬಾಕಿನ ಚಂಚಿ ಸಿಕ್ಕಿಸಿಕೊಂಡು. ಊರಲ್ಲಿ ಇಬ್ಬರು ಜಗಳವಾಡಿದರೆ ದೈವ, ಅಂದರೆ ಊರ ಹಿರಿಯರ ಸಭೆ, ಕೂಡುತ್ತದೆ. ತೀರ್ಮಾನವಾದ ಮೇಲೆ ಅಪ್ಪ ಚಂಚಿ ಬಿಚ್ಚಿ ಇಬ್ಬರಿಗೂ ಎಲೆ ಕೊಡುತ್ತಾರೆ. "ದೈವದ ಮುಂದ ಹೂಂ ಅಂದಮ್ಯಾಗ ಮುಗೀತು. ತಿರುಗಿ ಉಹೂಂ ಅನ್ನಂಗಿಲ್ಲ" ಎನ್ನುತ್ತಾರೆ. ಎಷ್ಟು ಮುರಿದ ಮನೆಗಳು ಆ ಚಂಚಿಯ ಮುಂದೆ ಒಂದಾಗಿವೆ! ಅದನ್ನು ನಾನು ಹೇಗೆ ಬೈಯಲಿ?

ಈ ಯುಗಾದಿಗೆ ಊರಿಗೆ ಬಂದಿದ್ದೆ. ಅಪ್ಪ ರೊಟ್ಟಿಯ ಜೊತೆಗಿದ್ದ ಶೇಂಗಾ ಹಿಂಡಿಯ ಚಟ್ನಿಪುಡಿಯನ್ನು ಬದಿಗೆ ಸರಿಸಿದರು. "ಖಾರ ಆಗವಲ್ದವ್ವ, ವಯಸ್ಸಾತು" ಎಂದು ನಕ್ಕರು. ನಕ್ಕಾಗ ಕೆನ್ನೆಯೊಳಗೆ ಬಿಳಿ ಮಚ್ಚೆ ಕಂಡಿತು. ಅಂಥ ಮಚ್ಚೆಗಳ ಚೂರುಗಳನ್ನೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಓದು ಮುಗಿಸಿದವಳು ನಾನು. ಎಲ್ಲ ಮಚ್ಚೆಯೂ ಕ್ಯಾನ್ಸರ್ ಅಲ್ಲ, ಬರೀ ಕಣ್ಣಿಂದ ಹೇಳಲೂ ಬರುವುದಿಲ್ಲ. ಅದಕ್ಕೇ ಡಾಕ್ಟರಿಗೆ ತೋರಿಸೋಣ ಎಂದೆ. "ನೀ ನಿನ್ನ ಕೈನೇಸ ನೋಡ್ಕೋ. ನನ್ನ ಬಾಯಿ ನನಗ ಬಿಡು" ಎಂದರು. ಅವ್ವ ಅತ್ತಳು. ಅದಕ್ಕೂ ಬಗ್ಗಲಿಲ್ಲ. ನನಗೆ ಭಯವಾಗಿದೆ, ಸಭಿಕರೇ. ಭಾಷಣದಲ್ಲಿ ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ.

ಅಧ್ಯಕ್ಷರೇ, ಇಷ್ಟು ಜನ ಹಿರಿಯರು ಕೂಡಿದ್ದೀರಿ. ಇದು ದೈವವಲ್ಲವೇ? ಅಪ್ಪಾ, ನಾಳಿ ಗುಲಬರ್ಗಾ ದವಾಖಾನಿಗಿ ನನ್ನ ಜೋಡಿ ಬರ್ತೀರಿಲ್ಲ?

ತಲೆ ಆಡಿಸಿದರೆ ನಡೆಯುವುದಿಲ್ಲ. ಬಾಯಿಂದಲೇ ಬರಬೇಕು. ಇದೂ ಅವರದೇ ಕಾನೂನು.

ಕೇಳಿಸಿತೇ? ಹಿಂದಿನ ಸಾಲಿನವರಿಗೂ? ನೀವೆಲ್ಲ ಸಾಕ್ಷಿ.

ಇನ್ನು ಎಲೆ ಕೊಡುವ ಪದ್ಧತಿಯೊಂದು ಉಳಿಯಿತು. ಚಂಚಿ ಇತ್ತ ಕೊಡ್ರಿ ಅಪ್ಪಾ, ಇವತ್ತ ನಾ ಕೊಡ್ತೀನಿ. ಬರೀ ಎಲಿ.

ನೀವು ಹೊದಿಸಿದ ಶಾಲಿಗೆ ವಂದನೆಗಳು. ಕೊಡಿಸಿದ ಹೂಂಗೆ ನಾನೂ ನನ್ನ ಅವ್ವನೂ ಋಣಿಗಳು. ನಿಮಗೆಲ್ಲ ನಮಸ್ಕಾರ.