ಬನ್ನಿ ಮರದ ಬುಡದಲ್ಲಿ ಸಿಕ್ಕ ನೆಲದಂಡು

ನಾನು ದಾನೇಶ್ವರಿ, ತಂದೆ ರೇವಪ್ಪ ಹಳ್ಳೂರ, ವಯಸ್ಸು 24 ವರ್ಷ, ವಿದ್ಯಾಭ್ಯಾಸ ಎಂ.ಎ. (ಕನ್ನಡ), ಉದ್ಯೋಗ ಖಾಸಗಿ ಪದವಿಪೂರ್ವ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ಸ್ವಂತ ಊರು ಎರೆಹಾಳ, ತಾಲ್ಲೂಕು ಬಸವನ ಬಾಗೇವಾಡಿ, ಜಿಲ್ಲೆ ವಿಜಯಪುರ, ಸದ್ಯದ ವಾಸ ಮುದ್ದೇಬಿಹಾಳ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ ದಿನಾಂಕ 07-11-2024, ಗುರುವಾರ ಸಂಜೆ 6-15ರ ಸುಮಾರಿಗೆ ನಾನು ಕೋಣೆಯಲ್ಲಿ ಕಿರುಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಆಗ ನಮ್ಮೂರಿನ ವಾಟ್ಸ್ಯಾಪ್ ಗುಂಪಿಗೆ ಒಂದು ವಿಡಿಯೊ ಬಂತು. ಹಾಕಿದವನು ನಮ್ಮೂರಿನ ಶ್ರೀಶೈಲ, ವಯಸ್ಸು ಸುಮಾರು 23, ಟ್ರ್ಯಾಕ್ಟರ್ ಚಾಲಕ. ಬುಧವಾರ ಅನೀಲಕುಮಾರ ಎಂಬುವವರ ಹೊಸ ಮನೆಗೆ ಜೆಸಿಬಿಯಿಂದ ಪಾಯ ತೋಡುವಾಗ, ಬನ್ನಿ ಮರದ ಬುಡದಲ್ಲಿ ಸುಮಾರು ಎರಡು ಅಡಿ ಆಳದಲ್ಲಿ ಒಂದು ತಗಡಿನ ಬಿಸ್ಕತ್ತು ಡಬ್ಬಿ ಸಿಕ್ಕಿದೆ ಎಂದು ಅದರಲ್ಲಿ ಹೇಳಿದ್ದನು. ಡಬ್ಬಿಯ ಮುಚ್ಚಳ ತೆರೆದಿತ್ತು. ಯಾರೋ ಜಾಲಿ ಕಟ್ಟಿಗೆಯಿಂದ ಒಳಗಿನ ಗೊಂಬೆಗಳನ್ನು ಹೊರಳಿಸುತ್ತಿದ್ದರು. ಗೊಂಬೆಗಳಿಗೆ ಕೆಂಪು ದಾರ ಸುತ್ತಿತ್ತು. "ನೋಡ್ರಿ, ಮನಷ್ಯಾರ ಕೂದಲ. ಇಲ್ನೋಡ್ರಿ, ಕುತಿಗ್ಯಾಗ ಪಿನ್ ಚುಚ್ಯಾರ. ಕುಂಕುಮ ಸುರದಾರ. ಇದು ಭಾನಾಮತಿ ಅಲ್ಲಂದ್ರ ಮತ್ತೇನರಿ" ಎಂದು ಶ್ರೀಶೈಲನ ದನಿ ಕೇಳುತ್ತಿತ್ತು.

ಬನ್ನಿ ಮರದ ಆಚೆಗೆ ದುರ್ಗವ್ವ ಎಂಬುವವರ ಹಿತ್ತಲು ಇದೆ. ಅವರ ವಯಸ್ಸು ಸುಮಾರು 60. ಜೋಳದ ರೊಟ್ಟಿ ಮಾಡಿ ಊರವರಿಗೂ, ಹೂವಿನ ಹಿಪ್ಪರಗಿಯ ಎರಡು ಖಾನಾವಳಿಗಳಿಗೂ ಕೊಟ್ಟು ಜೀವನ ಮಾಡುತ್ತಾರೆ. ಅನೀಲಕುಮಾರರ ನಾಲ್ಕು ವರ್ಷದ ಮಗಳಿಗೆ ವಾರದಿಂದ ಜ್ವರವಿತ್ತು. ಈ ಮಾಟ ದುರ್ಗವ್ವನದೇ, ಅವಳು ಭಾನುವಾರದೊಳಗೆ ತಂಗಡಗಿಯಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿಬಿಡಬೇಕು, ಭಾನುವಾರ ಮಾಟ ತೆಗೆಯುವವರು ಬರುತ್ತಾರೆ, ಅಲ್ಲಿಯವರೆಗೆ ಡಬ್ಬಿಯನ್ನು ಯಾರೂ ಮುಟ್ಟಬಾರದು ಎಂದು ಗುಂಪಿನಲ್ಲಿ ಒಬ್ಬರ ಮೇಲೊಬ್ಬರು ಬರೆದಿದ್ದರು. ಖಾನಾವಳಿಯವರು ಆಗಲೇ ರೊಟ್ಟಿ ಬೇಡವೆಂದು ಹೇಳಿ ಕಳಿಸಿದ್ದರು.

ನಾನು ವಿಡಿಯೊವನ್ನು ಮತ್ತೊಮ್ಮೆ ಹಾಕಿ ನೋಡಿದೆ. ಕುತ್ತಿಗೆಗೆ ಪಿನ್ನು ಇದ್ದ ಗೊಂಬೆ ಹುತ್ತಯ್ಯ. ಅದನ್ನು ಅಲ್ಲಿ ಹೂಳಿದವರು ನಾನು ಮತ್ತು ನನ್ನ ಗೆಳತಿ ಭಾಗ್ಯಜ್ಯೋತಿ.

ಇದನ್ನು ವಿವರಿಸಬೇಕಾಗುತ್ತದೆ. ನೆಲದಂಡು ಎಂಬುದು ಬೆರಳುದ್ದದ ಪ್ಲಾಸ್ಟಿಕ್ ಗೊಂಬೆಗಳ ಹೆಸರು. ನಾವು ಐದನೆಯ ಇಯತ್ತೆಯಲ್ಲಿದ್ದಾಗ ಹೂವಿನ ಹಿಪ್ಪರಗಿಯ ಮೋದಿನಸಾಬ ಎಂಬುವವರ ಬಳೆ ಅಂಗಡಿಗೆ ಇವು ಬರುತ್ತಿದ್ದವು. ಪ್ರತಿ ಗೊಂಬೆಯ ಪೆಟ್ಟಿಗೆಯೊಳಗೆ ಹದಿನಾರು ಪುಟದ ಬಣ್ಣದ ಚಿತ್ರಕಥೆಯ ಪುಸ್ತಕ ಇರುತ್ತಿತ್ತು. ಗೊಂಬೆ ಮಾರಲೆಂದು ಕಂಪನಿಯವರು ಆ ಕಥೆ ಬರೆಸಿದ್ದರೆಂದು ಈಗ ತಿಳಿಯುತ್ತದೆ. ಆಗ ನಮ್ಮ ತಿಳಿವಳಿಕೆಯಲ್ಲಿ ಕಥೆಯ ಜೊತೆಗೆ ಗೊಂಬೆ ಪುಕ್ಕಟೆ ಬರುತ್ತಿತ್ತು. ದಂಡಿನವರು ನೆಲದ ಒಳಗೆ ವಾಸಿಸುತ್ತಾರೆ. ಮೇಲಿನ ಊರಿಗೆ ಕಷ್ಟ ಬಂದಾಗ ಎದ್ದು ಬಂದು ಕಾಯುತ್ತಾರೆ.

ಓದುವುದು ನನ್ನ ಪಾಲು, ಸದ್ದು ಮಾಡುವುದು ಭಾಗ್ಯಜ್ಯೋತಿಯ ಪಾಲು. ಬಂಡೆ ಉರುಳುವ ಚಿತ್ರ ಬಂದಾಗ ಅವಳು ತಾಮ್ರದ ತಂಬಿಗೆಯೊಳಗೆ ಬಾಯಿಟ್ಟು ಗುಡುಗುತ್ತಿದ್ದಳು. ಶಾಲೆಯಲ್ಲಿ ಎದ್ದು ನಿಂತು ಪಾಠ ಓದು ಎಂದರೆ ನನಗೆ ದನಿ ಹೊರಡುತ್ತಿರಲಿಲ್ಲ. ನೆಲದಂಡನ್ನು ಓದುವಾಗ ಹೊರಡುತ್ತಿತ್ತು. ಆ ಪುಸ್ತಕಗಳ ಅಂಟಿನ ವಾಸನೆ ನನಗೆ ಈಗಲೂ ಕೆಲವು ಸಲ ಹೊಸ ಪುಸ್ತಕ ಬಿಚ್ಚಿದಾಗ ಬರುತ್ತದೆ. ಇದು ಪ್ರಕರಣಕ್ಕೆ ಸಂಬಂಧಿಸಿದ್ದಲ್ಲವೆಂದು ಬರೆದುಕೊಳ್ಳುವವರು ತಿಳಿಸಿದ್ದರಿಂದ ಮುಂದೆ ಹೇಳುತ್ತೇನೆ.

ಐದನೆಯ ಪುಸ್ತಕದ ಕೊನೆಯಲ್ಲಿ ದಂಡಿನವರೆಲ್ಲ ಗಾಯಗೊಂಡು, ಒಂದು ದೊಡ್ಡ ಮರದ ಬೇರಿನಡಿ, ಮೈಗೆ ಕೆಂಪು ಬಳ್ಳಿ ಸುತ್ತಿಕೊಂಡು ಮಲಗುತ್ತಾರೆ. ಆರನೆಯ ಪುಸ್ತಕದಲ್ಲಿ ಎದ್ದು ಬರುತ್ತಾರೆಂದು ಹಿಂದಿನ ರಟ್ಟಿನ ಮೇಲೆ ಅಚ್ಚಾಗಿತ್ತು. 2011ರ ದಸರಾ ರಜೆಯಲ್ಲಿ ನಾವು ನಮ್ಮ ದಂಡನ್ನೂ ಹಾಗೆಯೇ ಮಲಗಿಸಿದೆವು. ಬಳ್ಳಿಯ ಬದಲು ಕೆಂಪು ದಾರ. ಗಾಯಕ್ಕೆ ನಮ್ಮ ಮನೆಯ ದೇವರ ಜಗುಲಿಯ ಕುಂಕುಮ. ಹುತ್ತಯ್ಯನ ತಲೆ ಮುರಿದಿತ್ತು, ಭಾಗ್ಯಜ್ಯೋತಿ ತನ್ನ ತಾಯಿಯ ಸೀರೆಯ ಪಿನ್ನಿನಿಂದ ಕೂಡಿಸಿದಳು. ಒರತೆ ಎಂಬ ಹೆಣ್ಣು ಗೊಂಬೆಯ ಕೂದಲು ಉದುರಿತ್ತು, ಅದಕ್ಕೆ ಗೋವಿನಜೋಳದ ತೆನೆಯ ಕೂದಲು ಅಂಟಿಸಿದೆವು. ವಿಡಿಯೊದಲ್ಲಿ ಮನುಷ್ಯರ ಕೂದಲೆಂದು ತೋರಿಸಿದ್ದು ಇದನ್ನೇ. ಪುಸ್ತಕಗಳನ್ನು ಗೊಬ್ಬರ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಳದಲ್ಲಿ ಇಟ್ಟೆವು. ಆರನೆಯ ಪುಸ್ತಕ ತಂದ ದಿನ ತೆಗೆಯುವುದೆಂದು ಮಾತಾಗಿತ್ತು. ಆ ಪುಸ್ತಕ ಅಂಗಡಿಗೆ ಬರಲೇ ಇಲ್ಲ. ಮರುವರ್ಷ ಭಾಗ್ಯಜ್ಯೋತಿಯ ತಂದೆಗೆ ಇಂಡಿಗೆ ವರ್ಗವಾಯಿತು.

ನಿನ್ನೆ ಸಂಜೆ ಗುಂಪಿನಲ್ಲಿ ಇದನ್ನು ಬರೆಯಲು ನೋಡಿದೆ. ಬರೆದು ಅಳಿಸಿದೆ. ನಂತರ ಇಂಡಿಯಲ್ಲಿರುವ ಭಾಗ್ಯಜ್ಯೋತಿಗೆ ವಿಡಿಯೊ ಕಳಿಸಿ ಫೋನ್ ಮಾಡಿದೆ. ಅವಳು ಮೊದಲು ನಕ್ಕಳು. "ಏ ದಾನಿ, ನಮ್ಮ ಹುತ್ತಯ್ಯಲೇ ಅದು. ಆ ಪಿನ್ನಿನ ಸಲುವಾಗಿ ನಮ್ಮವ್ವ ನನಗ ಎರಡು ಬಿಟ್ಟಿದ್ಲು" ಎಂದಳು. ದುರ್ಗವ್ವನ ವಿಷಯ ಹೇಳಿದ ಮೇಲೆ ನಗು ನಿಂತಿತು. ಕೂಸು ಸಣ್ಣದಿದೆ, ಇಲ್ಲದಿದ್ದರೆ ಈಗಲೇ ಹೊರಡುತ್ತಿದ್ದೆ, ನೀನು ಹೋಗು, ಬೇಕಾದರೆ ನಾನು ಸಿಂದಗಿ ಮೇಲಿನಿಂದ ಬಂದು ಹೇಳಿಕೆ ಕೊಡುತ್ತೇನೆ ಎಂದಳು. ಆಮೇಲೆ ನನ್ನ ತಂದೆಗೆ ತಿಳಿಸಿದೆ. "ಊರ ಉಸಾಬರಿ ನಿನಗ್ಯಾಕವ್ವಾ. ನಾಳೆ ನಿನ್ನ ಹೆಸರೂ ಅದರಾಗ ಕೂಡಸ್ತಾರ" ಎಂದು ಅವರು ಹೇಳಿದರು. ನಾನು ಹೆಚ್ಚು ಮಾತನಾಡುವವಳಲ್ಲ. ಒಬ್ಬಳೇ ಊರಿಗೆ ಹೋದರೆ ನನ್ನ ಮಾತು ಯಾರಿಗೂ ಕೇಳಿಸುವುದಿಲ್ಲ ಎನಿಸಿ ಠಾಣೆಗೆ ಬರಲು ನಿರ್ಧರಿಸಿದೆ.

ಇಂದು ದಿನಾಂಕ 08-11-2024, ಶುಕ್ರವಾರ ಬೆಳಿಗ್ಗೆ 9-40ಕ್ಕೆ ಬಸವನ ಬಾಗೇವಾಡಿ ಠಾಣೆಗೆ ಬಂದು ವಿಷಯ ತಿಳಿಸಿದೆ. ಎ.ಎಸ್.ಐ. ಸಾಹೇಬರು ಒಬ್ಬ ಮಹಿಳಾ ಪೇದೆಯೊಂದಿಗೆ ನನ್ನನ್ನು ಜೀಪಿನಲ್ಲಿ ಕರೆದುಕೊಂಡು ಎರೆಹಾಳಕ್ಕೆ ಬಂದರು. ತಲುಪಿದಾಗ 11 ಗಂಟೆ ಆಗಿತ್ತು. ಡಬ್ಬಿ ಪಾಯದ ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ಇಟ್ಟಂತೆಯೇ ಇತ್ತು. ಅದರ ಸುತ್ತ ಬೂದಿಯಿಂದ ಗೆರೆ ಎಳೆದಿದ್ದರು. ಗೆರೆಯ ಹೊರಗೆ ಸುಮಾರು ನಲವತ್ತು ಜನ ಸೇರಿದರು. ದುರ್ಗವ್ವ ತಮ್ಮ ಹೊಸ್ತಿಲಲ್ಲಿ ಕುಳಿತಿದ್ದರು. ರೊಟ್ಟಿ ಸುಡುವ ಹಂಚನ್ನು ಗೋಣಿಚೀಲದಲ್ಲಿ ಕಟ್ಟಿ ಪಕ್ಕದಲ್ಲಿ ಇಟ್ಟುಕೊಂಡಿದ್ದರು.

ಪೇದೆಯವರು ಡಬ್ಬಿಯ ಹತ್ತಿರ ಹೋದಾಗ ಅನೀಲಕುಮಾರರ ತಾಯಿ ರುಕ್ಮವ್ವ, "ಮುಟ್ಟಬ್ಯಾಡ ತಂಗಿ, ನಿನಗೂ ಮಕ್ಕಳು ಮರಿ ಇರ್ತಾವ" ಎಂದರು. ಪೇದೆಯವರು ಅಲ್ಲಿಯೇ ನಿಂತರು. ಡಬ್ಬಿಯಲ್ಲಿ ಏನಿದೆ ಎಂಬುದನ್ನು ತೆಗೆಯುವ ಮೊದಲೇ ಎಲ್ಲರೆದುರು ಹೇಳುವಂತೆ ಎ.ಎಸ್.ಐ. ಸಾಹೇಬರು ನನಗೆ ಸೂಚಿಸಿದರು. ನಾನು ಹೇಳತೊಡಗಿದೆ. "ಜೋರಾಗಿ ಹೇಳವ್ವಾ, ಕಾಲೇಜಿನ್ಯಾಗ ಪಾಠ ಮಾಡ್ತೇನಿ ಅಂತಿ" ಎಂದು ಅವರು ಹೇಳಿದ್ದರಿಂದ ಕೆಲವರು ನಕ್ಕರು. ಗೊಂಬೆಗಳ ಅಡಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಐದು ಪುಸ್ತಕಗಳಿವೆ ಎಂದೆ. ಗೊಂಬೆ ಒಟ್ಟು ನಾಲ್ಕು, ಐದನೆಯದು ಹೂಳುವ ಮೊದಲೇ ಕಳೆದಿತ್ತು, ಇರುವವುಗಳಲ್ಲಿ ಒಂದು ಒರತೆ, ಒಂದು ಕಿಡಿವೇಣಿ, ಕುತ್ತಿಗೆಗೆ ಪಿನ್ನು ಇರುವುದು ಹುತ್ತಯ್ಯ, ತಲೆಯ ಮೇಲೆ ಕೊಂಬು ಇರುವುದು ಬಂಡೆರಾಯ ಎಂದೆ.

ಆಗ ವಿಡಿಯೊ ಮಾಡಿದ ಶ್ರೀಶೈಲ ಮಧ್ಯೆ ಬಾಯಿ ಹಾಕಿ, "ಅಲ್ಲರಿ ಅಕ್ಕಾರ, ಬಂಡೆರಾಯಗ ಕೊಂಬು ಎಲ್ಲಿವ್ರಿ? ಕೊಂಬಿನಾಂವ ಗುಡ್ಡಪ್ಪ. ಬಂಡೆರಾಯಗ ಬರೇ ಬೋಳ ತಲಿ" ಎಂದನು.

ಎಲ್ಲರೂ ಅವನ ಕಡೆ ತಿರುಗಿದರು. ಅವನು ಹೇಳಿದ್ದು ಸರಿಯಿತ್ತು, ನಾನು ತಪ್ಪು ಹೇಳಿದ್ದೆ. "ಯಾಕಲೇ, ಮಾಟದಾವರ ಹೆಸರೆಲ್ಲ ನಿನಗ ಹೆಂಗ ಬಾಯಿಪಾಠ ಅದಾವ?" ಎಂದು ರುಕ್ಮವ್ವ ಕೇಳಿದರು. ಶ್ರೀಶೈಲ ಮೊಬೈಲನ್ನು ಕಿಸೆಗೆ ಹಾಕಿಕೊಂಡನು. "ನಾನೂ ಓದೇನಿ ಬೇ. ಸಾಲ್ಯಾಗ ಇದ್ದಾಗ. ನನ್ನ ಕಡೆ ಎರಡನೇದು, ಮೂರನೇದು ಇದ್ದವು. ಮಣ್ಣ ಹತ್ತಿತ್ತು, ಗೊತ್ತಾಗಲಿಲ್ಲ" ಎಂದನು. ಹಿಂದಿನಿಂದ ಇನ್ನೊಬ್ಬ, "ಎರಡನೇದು ನಂದಲೇ, ಓದಿ ಕೊಡ್ತೇನಿ ಅಂತ ಇಸ್ಕೊಂಡು ಹೋಗಿದ್ದಿ" ಎಂದನು. ಮಹಿಳಾ ಪೇದೆಯವರು, ತಮ್ಮ ಅಣ್ಣನ ಬಳಿಯೂ ಕಿಡಿವೇಣಿ ಇತ್ತು, ತಮಗೆ ಮುಟ್ಟಗೊಡುತ್ತಿರಲಿಲ್ಲ ಎಂದು ತಿಳಿಸಿದರು.

ಪೇದೆಯವರೇ ಗೊಂಬೆಗಳನ್ನು ಪತ್ರಿಕೆಯ ಹಾಳೆಯ ಮೇಲೆ ಇಟ್ಟು, ತಳದ ಪ್ಲಾಸ್ಟಿಕ್ ಬಿಚ್ಚಿದರು. ಐದೂ ಪುಸ್ತಕಗಳಿದ್ದವು. ಒಂದರ ಮೂಲೆಗೆ ಬೂಷ್ಟು ಹಿಡಿದಿತ್ತು, ಉಳಿದವು ಒಣಗಿದ್ದವು. ಶ್ರೀಶೈಲ ಪ್ಯಾಂಟಿಗೆ ಕೈ ಒರೆಸಿಕೊಂಡು ನಾಲ್ಕನೆಯ ಪುಸ್ತಕವನ್ನು ಕೇಳಿದನು, ಅದು ತನಗೆ ಸಿಕ್ಕಿರಲೇ ಇಲ್ಲ ಎಂದನು. ಅವನ ವಯಸ್ಸಿನ ಆರೇಳು ಜನ ಅವನ ಭುಜದ ಮೇಲಿನಿಂದ ಬಗ್ಗಿದರು. ಒಬ್ಬನು ಬಂಡೆ ಉರುಳುವ ಸದ್ದು ಮಾಡಿದನು. ಆ ನೂಕಾಟದಲ್ಲಿ ಬೂದಿಯ ಗೆರೆ ಚಪ್ಪಲಿಗಳ ಕೆಳಗೆ ಅಳಿಸಿ ಹೋಯಿತು. ಅದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ.

"ಆರನೇದು ಬಂತೇನ್ರಿ ಅಕ್ಕಾರ?" ಎಂದು ಶ್ರೀಶೈಲ ನನ್ನನ್ನು ಕೇಳಿದನು. ಬರಲಿಲ್ಲ ಎಂದೆ. "ಹಂಗಾದ್ರ ಇವರು ಎದ್ದರೋ ಇಲ್ಲೋ ಗೊತ್ತಾಗಂಗಿಲ್ಲ ಅನ್ರಿ" ಎಂದನು. ಅದಕ್ಕೆ ಜೆಸಿಬಿಯವನು, "ಎಬ್ಬಿಸೇನಲ್ಲೋ ನಾನು, ಬುಧವಾರ" ಎಂದನು.

ಅನೀಲಕುಮಾರ ನಗಲಿಲ್ಲ. ಡಬ್ಬಿ ಹೊರಗೆ ತೆಗೆದ ಮರುದಿನವೇ ತನ್ನ ಮಗಳ ಜ್ವರ ಇಳಿಯಿತು, ಇದಕ್ಕೆ ಏನು ಹೇಳುತ್ತೀರಿ ಎಂದು ಕೇಳಿದರು. ಅವರ ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. ಆಸ್ಪತ್ರೆಯ ಔಷಧಿ ಎಷ್ಟು ದಿನದಿಂದ ನಡೆದಿದೆ ಎಂದು ಎ.ಎಸ್.ಐ. ಸಾಹೇಬರು ವಿಚಾರಿಸಿದರು. ಐದು ದಿನದಿಂದ ಎಂದು ಅನೀಲಕುಮಾರ ಉತ್ತರಿಸಿದರು.

ಆಗ ದುರ್ಗವ್ವ ಹೊಸ್ತಿಲಿನಿಂದಲೇ ಹೇಳಿದರು: "ಹದಿಮೂರು ವರ್ಷ ನನ್ನ ಹಿತ್ತಲಕ್ಕ ಹತ್ತಿ ಮಲಗಿತ್ತಪಾ ಅದು. ಮಾಟ ಇದ್ದಿದ್ರ ಮೊದಲ ನನಗ ಹತ್ತತಿತ್ತು. ನಾ ದಿನಾ ತಪ್ಪದ ರೊಟ್ಟಿ ಬಡಕೋತ ಕುಂತೇನಿ. ಹುಡುಗೋರ ಆಟಗಿ ಸಾಮಾನಕ್ಕ ಹೆದರಿ ನನ್ನ ಊರ ಬಿಡಸಾಕ ನಿಂತ್ರಿ." ನಾನು ಅವರ ಹತ್ತಿರ ಹೋಗಿ, ಆಯಿ, ಅವು ನಮ್ಮವು, ಇಷ್ಟು ತಡವಾಗಿ ಬಂದೆ ಎಂದೆ. "ಬಂದಿ ಅಲ್ಲವಾ" ಎಂದು ಅವರು ನನ್ನ ಮುಂಗೈ ಹಿಡಿದುಕೊಂಡರು. ಅವರ ಬೆರಳು ಹಂಚಿನ ಬಿಸಿಗೆ ಜಡ್ಡುಗಟ್ಟಿ ಗಟ್ಟಿಯಾಗಿದ್ದವು.

ಭಾನುವಾರ ಯಾರನ್ನೂ ಕರೆಸಕೂಡದು, ದುರ್ಗವ್ವನಿಗೆ ಊರು ಬಿಡೆಂದು ಹೇಳುವುದು ಅಪರಾಧ ಎಂದು ಎ.ಎಸ್.ಐ. ಸಾಹೇಬರು ಎಲ್ಲರಿಗೂ ತಿಳಿಸಿದರು. ಶ್ರೀಶೈಲ ಅವರ ಎದುರಿಗೆ ವಿಡಿಯೊ ಅಳಿಸಿ, ಡಬ್ಬಿಯಲ್ಲಿದ್ದದ್ದು ನೆಲದಂಡು ಎಂದು ಗುಂಪಿಗೆ ಬರೆದು ಹಾಕಿದನು. ಪುಸ್ತಕಗಳನ್ನು ಠಾಣೆಗೆ ಒಯ್ಯಬೇಕಾಗುತ್ತದೆ ಎಂದಾಗ, ಇನ್ನೆರಡು ಪುಟ ಉಳಿದಿವೆ ಎಂದು ಅವನು ಕೇಳಿಕೊಂಡನು. ಸಾಹೇಬರು ಜೀಪಿನ ಬಳಿ ನಿಂತು ಕಾದರು.

ನಾವು ಹೊರಡುವಾಗ ರುಕ್ಮವ್ವ ದುರ್ಗವ್ವನ ಅಂಗಳದ ತುದಿಯವರೆಗೆ ಬಂದು ನಿಂತರು. ತಪ್ಪಾಯಿತು ಎಂದೇನೂ ಅವರು ಹೇಳಲಿಲ್ಲ. ಬೇರೆ ಕಡೆ ನೋಡುತ್ತ, "ಸೋಮವಾರ ಪಾಯಾ ತುಂಬಾಕ ಆಳು ಬರ್ತಾವ. ಎಂಬತ್ತು ರೊಟ್ಟಿ ಬೇಕಾಗ್ತಾವ" ಎಂದರು.

ನಮ್ಮೂರಿನಲ್ಲಿ ಕೆಲವರು ತಮ್ಮ ಮನೆಯ ಹಿಟ್ಟನ್ನು ಕೊಟ್ಟು ರೊಟ್ಟಿ ಮಾಡಿಸಿಕೊಳ್ಳುತ್ತಾರೆ, ಕೆಲವರು ದುರ್ಗವ್ವನದೇ ಹಿಟ್ಟಿನ ರೊಟ್ಟಿ ಕೊಳ್ಳುತ್ತಾರೆ. ದುರ್ಗವ್ವ ಗೋಣಿಚೀಲದ ಗಂಟಿನ ಮೇಲೆ ಕೈ ಇಟ್ಟುಕೊಂಡು, "ಹಿಟ್ಟು ನೀವು ಕೊಟ್ಟು ಕಳಸ್ತೀರೋ, ನಂದ ಹಾಕಲೋ?" ಎಂದು ಕೇಳಿದರು. ದುರ್ಗವ್ವನ ಮನೆಯ ಹಿಟ್ಟು ನೀರು ಯಾರೂ ಮುಟ್ಟಬಾರದೆಂದು ಹಿಂದಿನ ದಿನ ಹೇಳಿದವರು ರುಕ್ಮವ್ವನೇ. ಅವರು ಮಗನ ಕಡೆ ಒಮ್ಮೆ ನೋಡಿದರು. ಆಮೇಲೆ, "ನಿಂದ ಹಾಕು. ನಮ್ಮ ಜ್ವಾಳ ಈ ವರ್ಷ ಛಲೋ ಇಲ್ಲ" ಎಂದರು.

ಮೇಲೆ ಹೇಳಿದ್ದು ನಾನು ಮಾಡಿದ್ದು, ಕಂಡದ್ದು ಮತ್ತು ಕೇಳಿದ್ದು. ಯಾರ ಒತ್ತಾಯವೂ ಇಲ್ಲದೆ ಹೇಳಿದ್ದೇನೆ. ಬರೆದುಕೊಂಡದ್ದನ್ನು ನನಗೆ ಓದಿ ತೋರಿಸಿದರು, ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಬಸವನ ಬಾಗೇವಾಡಿ
ದಿನಾಂಕ: 08-11-2024, ಮಧ್ಯಾಹ್ನ 3-30

(ಸಹಿ)
ದಾನೇಶ್ವರಿ ರೇವಪ್ಪ ಹಳ್ಳೂರ