ಬೋಧಕನಿಗೆ ಮಾತ್ರೆ ಇರಲಿಲ್ಲ

ಬೆಡ್‌ಫರ್ಡಿನ ಕ್ಲಿನಿಕ್ಕಿನಲ್ಲಿ ಮಾರ್ಜರಿ ಕಿವಿನೋವು ತೋರಿಸಲು ಕಾಯುತ್ತಿದ್ದಳು. ಆದರೂ ಎದುರು ಬೆಂಚಿನ ಅಕ್ಕ-ತಮ್ಮನ ಪಿಸುಮಾತು ಅವಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ತಮ್ಮನ ತೊಡೆಯ ಮೇಲೆ, ಹಳೆಯ ಕಾಲದ ಕ್ರೈಸ್ತ ಬೋಧಕನೊಬ್ಬ ತನ್ನ ಆತ್ಮದ ಪಾಡನ್ನು ತಾನೇ ಬರೆದ ಪುಸ್ತಕವಿತ್ತು.

"ಮಾತ್ರೆ ಯಾವಾಗಿಂದ ಬಿಟ್ಟೆ, ಕಾಲಿನ್?" ಅಕ್ಕ ಕೇಳಿದಳು.

"ಇದನ್ನ ಓದೋಕೆ ಶುರು ಮಾಡಿದಾಗಿಂದ. ಈ ಬೋಧಕನೇನು ಮಾತ್ರೆ ನುಂಗಿದ್ನಾ? ಪ್ರಾರ್ಥನೆ ಮಾಡಿಯೇ ಗೆದ್ದ."

"ಗೆಲ್ಲೋಕೆ ಎಷ್ಟು ವರ್ಷ ನರಳಿದ ಅಂತ ಗೊತ್ತಲ್ಲ? ನಾನೂ ಓದಿದೀನಿ ಕಣೋ."

"ನೀನಾ? ಚರ್ಚಿನ ಮೆಟ್ಟಿಲು ತುಳಿಯದವಳು!"

"ನೀನು ಸ್ನಾನಕ್ಕೆ ಹೋದಾಗೆಲ್ಲ ಓದಿದೆ. ನಿನ್ನನ್ನ ಒಳಗೊಳಗೇ ಏನು ಕೊರೀತಿದೆ ಅಂತ ತಿಳೀಬೇಕಿತ್ತು."

ಅವನು ಪುಸ್ತಕವನ್ನು ಎದೆಗವಚಿಕೊಂಡ.

"'ನಿನಗೆ ಕ್ಷಮೆ ಇಲ್ಲ' ಅನ್ನೋ ದನಿ ಆ ಬೋಧಕನಿಗೆ ಕೇಳ್ತಿತ್ತಲ್ಲ, ನಿನಗೂ ಕೇಳುತ್ತಾ?"

ಮಾರ್ಜರಿ ಕೈಯಲ್ಲಿದ್ದ ಪತ್ರಿಕೆಯ ಪುಟ ತಿರುವುವುದನ್ನೇ ಮರೆತಳು.

"ಊಟಕ್ಕೆ ಕೂತಾಗಲೂ ಕೇಳುತ್ತೆ, ಡೆನಿಸ್. ನನ್ನೊಬ್ಬನಿಗೇ ಅಂದ್ಕೊಂಡಿದ್ದೆ."

"ಅವನು ಪುಸ್ತಕ ಬರೆದು ಊರಿಗೆಲ್ಲ ಹೇಳ್ಕೊಂಡ. ನೀನು ನನಗೂ ಹೇಳ್ಲಿಲ್ಲ."

"ಹೇಳೋಕೆ ಬಾಯಿ ಬರಲ್ಲ."

ನರ್ಸ್ ಬಾಗಿಲಲ್ಲಿ ನಿಂತು ಅವನ ಹೆಸರು ಕೂಗಿದಳು. ಕಾಲಿನ್ ದಡಕ್ಕನೆ ಎದ್ದು ಬೀದಿಬಾಗಿಲ ಕಡೆ ಹೊರಟ. ಡೆನಿಸ್ ಅವನನ್ನು ತಡೆಯಲಿಲ್ಲ, ಕೂಗಲೂ ಇಲ್ಲ. ಕೂತಲ್ಲಿಂದಲೇ ಕೈ ಚಾಚಿದಳು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟವನು ಹಿಂದೆ ನೋಡಿದ, ಅವಳ ಚಾಚಿದ ಕೈ ಕಂಡು ನಿಂತ. ಮೆಲ್ಲಗೆ ತಿರುಗಿ ಬಂದು ಪುಸ್ತಕವನ್ನು ಅವಳ ಕೈಗಿತ್ತ.

"ನೀನೂ ಒಳಗೆ ಬಾ. ಡಾಕ್ಟರಿಗೆ ಇದನ್ನ ಓದು. ನನ್ನ ಕಥೆಯೂ ಅದೇ ಆಗಿರೋ ಕಡೆ ತಲೆ ಆಡಿಸ್ತೀನಿ."

ಇಬ್ಬರೂ ಒಳಗೆ ಹೋದರು.