ಹುಬ್ಬಿನ ನಡುವಿನ ಗೆರಿ

…ಇಲ್ರಿ ಅಕ್ಕೋರ, ಬಾಯಿ ತೆರೀಬ್ಯಾಡ್ರಿ. ಮಾತಾಡಿದ್ರ ಗಲ್ಲ ಅಳ್ಳಾಡತೈತಿ, ಸೂಜಿ ಜಾಗಾ ತಪ್ಪತೈತಿ. ಹೌದಂದ್ರ ಬೆರಳ ಎತ್ರಿ, ಅಲ್ಲಂದ್ರ ಸುಮ್ನಿರ್ರಿ. ಅಷ್ಟ ಸಾಕು ನನಗ.

ನೋವಾತ? ಆಗತೈತ್ರಿ, ಮೊದಲನೇ ಸೂಜಿಗೆ ಎಲ್ಲಾರಿಗೂ ಆಗತೈತಿ. ಇನ್ನ ಮುಂದ ಗೊತ್ತಾಗಂಗಿಲ್ಲ. ಕ್ರೀಮ್ ಹಚ್ಚಿ ಕುಂದರಿಸಿದ್ದೆನಲ್ಲ, ಮಾರಿ ಜೋಮ ಹಿಡದಿರತೈತಿ.

ನಗಬ್ಯಾಡ್ರಿ, ನಿಮಗ ಹೇಳಾಕತ್ತಿದ್ದು… ಯಾಕ ನಗು? ನಿಮಗ ಬಾಯಿ ಮುಚ್ಚ್ರಿ ಅಂತ ಹೇಳೂ ಕಾಲ ನನಗ ಬಂತಲ್ಲ ಅಂತನು? ಹೌದ ಬಿಡ್ರಿ. ಸಾಲ್ಯಾಗ ನಾಕನೇ ಇಯತ್ತಾದಾಗ ದಿನಾ ನೀವು ನನಗ ಹೇಳತಿದ್ರಿ, ಶಾಹೀನ, ಬಾಯಿ ಮುಚ್ಚು, ಅಕ್ಷರ ದುಂಡಗ ಬರಿ ಅಂತ. ಅಕ್ಷರ ಕಡೀತನಕ ದುಂಡಗ ಆಗಲಿಲ್ಲ. ಆದ್ರ ದೇಶಪಾಂಡೆ ನಗರದಾಗ ಸ್ವಂತ ಪಾರ್ಲರ್ ಆತು. ಉದ್ಘಾಟನಾಕ್ಕ ರಿಬ್ಬನ್ ಕತ್ತರಿಸಿದವರೂ ನೀವ. ಪ್ರಭಾವತಿ ಅಕ್ಕೋರು ಬರದಿದ್ರ ಬಾಗಲಾ ತಗಿಯಂಗಿಲ್ಲ ಅಂತ ಹಟ ಹಿಡದಿದ್ದೆ.

ಈ ಬಾಜೂ ಆತು. ಇನ್ನ ಆ ಕಡೆ ಹೊಳ್ಳ್ರಿ. ಹಂಗ… ಛಲೋ ಆತು.

ಅವತ್ತ ಸೀರಿ ಅಂಗಡಿಯಿಂದ ಸೀದಾ ಇಲ್ಲಿಗೆ ಬಂದ್ರಲ್ಲ, ನನಗ ಆ ಮಾರಿ ಇನ್ನೂ ಕಣ್ಣ ಮುಂದ ಐತ್ರಿ. ಏಕನಾಥ ಸರ್ ಜೋಡಿ ನಿಮ್ಮ ಮದವಿ ಸೀರಿ ನೋಡಾಕ ಹೋಗಿದ್ರಿ. ಅಂಗಡ್ಯಾಂವ ಒಂದ ಸೀರಿ ಹರವಿ, ಸರ್ ಕಡೆ ತಿರಗಿ, ನಿಮ್ಮ ತಾಯಾರಿಗೆ ಈ ಬಣ್ಣ ಭಾಳ ಒಪ್ಪತೈತ್ರಿ ಅಂದನಂತ. ಅಲ್ಲಿ ನಕ್ಕೊಂತ ಅದನ್ನ ಕಟ್ಟಿಸ್ಕೊಂಡ್ರಿ. ಇಲ್ಲಿ ಬಂದು ಕನ್ನಡಿ ಮುಂದ ಕುಂತು ಅತ್ರಿ. ಗಂಡ ತೀರಿಕೊಂಡ ಮ್ಯಾಲ ನೀವೊಬ್ರ ದುಡದು, ಮಗಳನ್ನ ಓದಿಸಿ, ಮದವಿ ಮಾಡಿಕೊಟ್ರಿ. ಈಗ ಈ ವಯಸ್ಸಿನ್ಯಾಗ ಸರ್ ಬಂದು, ಪ್ರಭಾ, ಇನ್ನ ಉಳದ ದಿನಾ ಕೂಡೇ ಇರೂನಾ ಅಂದಾರ. ನಿಮಗಿಂತ ಆರ ವರ್ಷ ಸಣ್ಣಾವ್ರ ಇದ್ರ ಏನಾತು? ಅದನ್ನ ಸುಖಾ ಪಡಬೇಕಂದ್ರ ಒಬ್ಬ ಸೀರಿ ಅಂಗಡ್ಯಾಂವ ಕಲ್ಲ ಹಾಕಬೇಕನ್ರಿ?

ಅದಕ್ಕ ನಾ ಅಂದೆ, ಗೆರಿ ತುಂಬೂ ಫಿಲ್ಲರ್ ಸೂಜಿ ನಾನ ಹಾಕತೇನ್ರಿ ಅಂತ. ನೀವು ಕೇಳಿರಲಿಲ್ಲ, ಖರೇ. ಚರ್ಮದ ಡಾಕ್ಟರ ಕಡೆ ಹೋಗತೇನಿ ಅಂತಿದ್ರಿ. ಅಲ್ಲಿ ಸಾಲಾಗಿ ಕುಂತಿರತಾರಲ್ರಿ ನಿಮ್ಮ ಸಾಲಿ ಹುಡುಗುರ ಅವ್ವಂದಿರು. ಸಂಜೀತನಕ ಹುಬ್ಬಳ್ಳಿ ತುಂಬ ಸುದ್ದಿ, ಹೆಡ್ ಮೇಡಂ ಮದವಿಗಂತ ಮಾರಿ ರಿಪೇರಿ ಮಾಡಸಾಕತ್ತಾರ ಅಂತ. ಇಲ್ಲಾದ್ರ ನಾ ಒಬ್ಬಾಕಿ, ನೀವೊಬ್ರು. ಶಟರ್ ಅರ್ಧಾ ಎಳದೇನಿ.

ಯಾಕ ಕಣ್ಣ ತೆರದ್ರಿ? ಆ ಬಾಟ್ಲಿ ನೋಡಬ್ಯಾಡ್ರಿ, ಲೈಟ್ ಚುಚ್ಚತೈತಿ. ಒಳಗ ಹಾಕಿದ್ದು ಎಷ್ಟ ದಿನ ಇರತೈತಿ ಅಂತ ಮತ್ತ ಯೋಚನಿ ಹತ್ತೇತನು? ಆಗಳೆ ಹೇಳಿದೆನಲ್ರಿ. ವರ್ಷ, ಒಂದೂವರಿ ವರ್ಷ. ಆಮ್ಯಾಲ ತಾನ ಕರಗತೈತಿ. ಬ್ಯಾಡ ಅನಸಿದ್ರ ನಡುವ ಕರಗಿಸಾಕ ಬ್ಯಾರೆ ಸೂಜಿ ಬರತೈತಿ. ಹೂಂ ಹೂಂ, ನನ್ನ ಕಡೆ ಐತಿ, ಫ್ರಿಜ್‌ನ್ಯಾಗ.

ಆ ಖಾಲಿ ಸ್ಟೂಲ್ ಯಾಕ ತೋರಸ್ತೀರಿ? ಹಾಂ, ಅಬೀದಾ ಕುಂದರತಿದ್ದ ಸ್ಟೂಲ್… ನನ್ನ ತಂಗಿ ಇಲ್ಲಿ ಇದ್ದಿದ್ರ ನಿಮ್ಮ ಕೈಗೆ ಮೆಹಂದಿ ಹಾಕತಿದ್ಲು, ಖರೇ. ಗರಗದಾಗ ಖಾಲಾ, ನಮ್ಮವ್ವನ ತಂಗಿ ಮನ್ಯಾಗ ಅದಾಳ್ರಿ. ಅಲ್ಲಿ ಹವಾ ಅಕಿಗೆ ಹಿಡಿಸೇತಿ. ನೀವು ಆಗಳೆ ಅಂದ್ರಲ್ಲ, ಅಕಿನ್ನ ಗರಗದ ಬಸ್ಸಿನ್ಯಾಗ ನೋಡಿದೆ, ಮಾರಿ ಅರ್ಧಾ ಓಢನಿಲೆ ಮುಚ್ಚಿಕೊಂಡು ಕುಂತಿದ್ಲು, ಕರದ್ರೂ ಮಾತಾಡಲಿಲ್ಲ ಅಂತ, ಅಕಿ ಅಬೀದಾ ಇರಾಕಿಲ್ಲ ಬಿಡ್ರಿ. ನಿಮ್ಮನ್ನ ಕಂಡ ಅಕಿ ಮಾತಾಡಲಾರದ ಇರತಾಳನು?

ಮುಗೀತ್ರಿ. ತಗೋರಿ, ಕನ್ನಡಿ ಹಿಡ್ಕೋರಿ. ಮೂಗಿನ ಬಾಜೂಕ ಆಳಾಗಿ ಇಳದಿದ್ವಲ್ಲ ಆ ಎರಡೂ ಗೆರಿ, ಎಲ್ಲೆದಾವ ತೋರಸ್ರಿ ನೋಡೂನು.

ನೋಡ್ರಿ, ಕಣ್ಣಾಗ ನೀರ ತಂದ್ರಿ. ಸುಮ್ನಿರ್ರಿ, ನನಗೂ ಅಳು ಬರತೈತಿ.

ಇನ್ನೊಂದ ಉಳೀತು. ಹುಬ್ಬಿನ ನಡುವಿಂದು… ಯಾಕ ತಲಿ ಅಳ್ಳಾಡಸ್ತೀರಿ? ಬ್ಯಾಡ? ಅಲ್ರಿ ಅಕ್ಕೋರ, ಈ ಗೆರಿ ಇದ್ರ ನೀವು ನಕ್ರೂ ಸಿಟ್ಟಿಗೆದ್ದಂಗ ಕಾಣತೀರಿ. ಮದವಿ ಫೋಟೋದಾಗ ಎಲ್ಲಾರೂ ಮೊದಲ ನೋಡೂದು ಅದನ್ನ. ಇಷ್ಟ ಮಾಡಿ ಅದನ್ನ ಬಿಟ್ರ, ಮನಿಗೆ ಸುಣ್ಣಾ ಬಳದು ಬಾಗಲಾ ಹಂಗ ಬಿಟ್ಟಂಗ. ಒಂದ ಸೂಜಿ. ನನ್ನ ಮ್ಯಾಲ ನಂಬಿಗಿ ಇಲ್ಲೇನ್ರಿ?

…ಹೂಂ. ಅದಕ್ಕ ನಮ್ಮ ಅಕ್ಕೋರು ಅನ್ನೂದು. ಕಣ್ಣ ಮುಚ್ರಿ. ಉಸರ ಬಿಡ್ರಿ, ಹಗೂರಕ.

ಅಕ್ಕೋರ, ಕೈ ಬಿಡ್ರಿ. ನನ್ನ ಮುಂಗೈ ಯಾಕ ಹಂಗ ಹಿಡದ್ರಿ? ಬಿಡ್ರಿ, ಸೂಜಿ ಇನ್ನೂ… ತಗದೆ, ತಗದೆ. ತಲಿ ಶೂಲಿ ಎದ್ದಂಗ ಆತನು? ಆಗತೈತಿ, ಇಲ್ಲಿ ನರಾ ಸೂಕ್ಷ್ಮ. ಉಗಳ ನುಂಗ್ರಿ. ವಾಂತಿ ಬರಾಕತ್ತೇತಿ? ಈ ಬುಟ್ಟಿ ಹಿಡ್ಕೋರಿ.

ಹಣಿ ಯಾಕ ಹಿಂಗ ಬೆಳ್ಳಗಾತು… ಏನಿಲ್ರಿ, ನಿಮಗಲ್ಲ, ನನಗ ನಾನ ಅಂದ್ಕೊಂಡೆ. ಬಿಸಿ ಅರಬಿ ಇಡತೇನಿ, ರಕ್ತಾ ಆಡತೈತಿ. ಒಂಚೂರು ತಿಕ್ಕತೇನಿ.

ಕಣ್ಣ ತೆರೀರಿ ಈಗ. ಎಡಗಣ್ಣ ತೆರೀರಿ. ರೆಪ್ಪಿ ಎತ್ರಿ ಅಕ್ಕೋರ… ನಾನ ಎತ್ತತೇನಿ ತಡೀರಿ. ನನ್ನ ಕೈ ಕಾಣತೈತಿ? ಬಲಗಣ್ಣ ಮುಚ್ಚಿ ನೋಡ್ರಿ. ಕಂಡ್ರ ಬೆರಳ ಎತ್ರಿ.

ಲೈಟ್ ಇಲ್ಲೆ ಐತಿ ನೋಡ್ರಿ, ನಿಮ್ಮ ಮಾರಿ ಮ್ಯಾಲ. ಲೈಟ್ ಆದ್ರೂ ಕಾಣತೈತಿ ಹೌದಲ್ಲ?

ಮಾತಾಡ್ರಿ. ಈಗ ಮಾತಾಡಬಹುದು ನೀವು. ಸೂಜಿ ಮುಗದಾವು, ಬಾಯಿ ತೆರದ್ರ ಏನೂ ಆಗಂಗಿಲ್ಲ. ಬೈರಿ ನನಗ, ಶಾಹೀನ ಅಂತರೆ ಅನ್ರಿ.

ಕೆಳಗ ಗಾಡಿ ನಿಂತಂಗಾತು. ಏಕನಾಥ ಸರ್ ಬಂದ್ರು ಕಾಣತೈತಿ. ಕೇಳ್ರಿಲ್ಲೆ. ಸರ್ ಕೇಳಿದ್ರ ತಲಿ ತಿರಗಿ ಚಕ್ಕರ್ ಬಂತು ಅನ್ನೂನು. ಉಪಾಸ ಬಂದಿದ್ರಿ, ಶಕೀಗೆ ಚಕ್ಕರ್ ಬಂತು, ನಾ ಸಕ್ಕರಿ ನೀರ ಕೊಟ್ಟೆ. ಸ್ವಲ್ಪ ಹೊತ್ತು ಮಲಗಿದ್ರ ಕಣ್ಣ ತಾನ ಬರತೈತಿ, ಬಂದ ಬರತೈತಿ. ದವಾಖಾನಿ ಅಂದ್ರ ನೂರಾಎಂಟ ಪ್ರಶ್ನಿ. ಯಾರ ಮಾಡಿದ್ರು, ಎಲ್ಲಿ ಕಲ್ತಾಳ, ಡಾಕ್ಟರ್ ಏನ ಅಕಿ ಅಂತ. ಹಂಗ ಹೇಳೂನ್ರಿ? ಹೂಂ ಅನ್ರಿ.

ಯಾಕ ಕೈ ಚಾಚೀರಿ? ನೀರ ಬೇಕನು? ನೀರಲ್ಲ… ಏನ ಬೇಕ್ರಿ? ಫ್ರಿಜ್ ಕಡೆ ಯಾಕ ತೋರಸ್ತೀರಿ?

ಆ ಕರಗಿಸೂ ಸೂಜಿ.

ಆ ಒಂದ ಕಣ್ಣೀಲೆ ಹಂಗ ನೋಡಬ್ಯಾಡ್ರಿ ಅಕ್ಕೋರ. ಕೊಡತಿದ್ದೆ. ಅಲ್ಲಾನ ಆಣಿ, ಇದ್ದಿದ್ರ ಕೊಡತಿದ್ದೆ. ಫ್ರಿಜ್‌ನ್ಯಾಗ ಏನೂ ಇಲ್ಲ. ಇದ್ರೂ ಇದಕ್ಕ ಅದು ನಡಿಯಂಗಿಲ್ಲ. ಇದು ಕರಗೂ ಜಾತಿದಲ್ರಿ. ಇದು ಪರ್ಮನೆಂಟ್. ಒಮ್ಮೆ ಒಳಗ ಹೋದ್ರ ಜೀವ ಇರೂತನಕ ಅಲ್ಲೇ ಇರತೈತಿ. ಖರೇ ಹೇಳಿದ್ರ ನೀವು ಒಪ್ಪತಿದ್ದಿಲ್ಲ. ನಾ ಅಂದ್ಕೊಂಡೆ, ಮತ್ತ ಮತ್ತ ಬಂದು ಚುಚ್ಚಿಸಿಕೊಳ್ಳೂದು ಯಾಕ, ಒಮ್ಮೆಲೆ ಗೆರಿ ಹೋಗಿ ಬಿಡಲಿ, ಇನ್ಯಾವ ಅಂಗಡ್ಯಾಂವಾನೂ ಅಕ್ಕೋರನ್ನ ಅಳಿಸಬಾರದು ಅಂತ…

ಇನ್ನೇನ ಕೇಳಬೇಕ ನಿಮಗ? ಸ್ಟೂಲ್ ಕಡೆ ನೋಡಬ್ಯಾಡ್ರಿ.

ಹೌದು. ಅಬೀದಾಗೂ ಇದನ್ನ ಹಾಕಿದ್ದೆ. ವರ್ಷ ತನಕ ಗುಲಾಬಿ ಹಂಗ ಇದ್ಲು. ಆಮ್ಯಾಲ ಗಲ್ಲದಾಗ ಗಂಟ ಕಟ್ಟಿದ್ವು, ಒಂದಾದ ಮ್ಯಾಲ ಒಂದು. ಬಸ್ಸಿನ್ಯಾಗ ಇದ್ದಾಕಿ ಅಕೀನ. ಅಕಿ ಮೈಗುಣ ಹಂಗ ಅಂತ ನನಗ ನಾನ ಸಮಾಧಾನ ಮಾಡ್ಕೊಂಡಿದ್ದೆ.

ಸರ್ ಮೆಟ್ಟಲಾ ಹತ್ತಾಕತ್ತಾರ. ಶಟರ್ ಎತ್ತತೇನಿ.

ಬರ್ರಿ ಸರ್. ಚಕ್ಕರ್ ಬಂದಿದ್ದಲ್ರಿ, ನಾ ಹಾಕಿದ ಸೂಜಿ ಔಷಧಾ ರಕ್ತದ ನರದಾಗ ಹೋಗೇತಿ, ಎಡಗಣ್ಣ ಕಾಣವಲ್ದು. ಲಗೂನ ಕಣ್ಣಿನ ದವಾಖಾನಿಗೆ ಹೋಗಬೇಕು, ಒಂದ ನಿಮಿಷ ತಡಾ ಮಾಡಬ್ಯಾಡ್ರಿ. ನಾನೂ ಬರತೇನಿ. ಒಳಗ ಏನ ಹಾಕೇನಿ ಅಂತ ಡಾಕ್ಟರಿಗೆ ಹೇಳಾಕ ನಾ ಬೇಕು.

ಏಳ್ರಿ ಅಕ್ಕೋರ, ಹಗೂರಕ. ಇಲ್ಲೆ ಹೊಸ್ತಲಾ ಐತಿ, ಎಡಕ್ಕ ಗ್ವಾಡಿ. ನನ್ನ ಕೈ ಹಿಡೀರಿ.

…ಬ್ಯಾಡ?

ಸರ್, ನೀವ ಹಿಡೀರಿ.